ಬೇಕನ್ ಕೈಪಿಡಿಯ ಉಪ್ಪಿನ ಕಲೆಗಳು

ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಬಳ್ಳಾರಿಯಲ್ಲಿ ಹಳೆಯ ಪೆಟ್ಟಿಗೆಗಳನ್ನು ತೆರೆದಾಗ ಒಮ್ಮೊಮ್ಮೆ ಇಂಗ್ಲಿಷ್ ಅಡುಗೆ ಕೈಪಿಡಿಗಳು ಸಿಗುತ್ತವೆ. ಅವುಗಳಲ್ಲಿ ಹಂದಿಮಾಂಸವನ್ನು ಉಪ್ಪಿನಲ್ಲಿ ಹದಗೊಳಿಸಿ ಹ್ಯಾಮ್, ಬೇಕನ್ ತಯಾರಿಸುವ ಕ್ರಮವನ್ನು ವಿವರಿಸುವ ಪುಸ್ತಕಗಳು ಸಂಗ್ರಾಹಕರಿಗೆ ಬಲು ಪ್ರಿಯ. ಹಳೆಯ ಪುಸ್ತಕಗಳ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಬಳಿಗೆ ಇಂಥದ್ದನ್ನು ತರುವವರು ಜಿಡ್ಡಿನ ಕಲೆಗಳನ್ನು ತೆಗೆಯಬಹುದೇ ಎಂದು ಕೇಳುತ್ತಾರೆ. ತೆಗೆಯಬಾರದು. ಯಾವ ಪುಟದಲ್ಲಿ ಜಿಡ್ಡು ಹೆಚ್ಚಿದೆಯೋ ಆ ಪಾಕವನ್ನೇ ಮನೆಯವರು ಮತ್ತೆ ಮತ್ತೆ ಮಾಡಿದ್ದರು ಎಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷಿ ಇಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಉಪ್ಪಿನ ಅಳತೆಯನ್ನು ತಿದ್ದಿದ್ದರೆ ಅದೂ ಅಷ್ಟೇ ಅಮೂಲ್ಯ.

ಮುದ್ರಣದ ವರ್ಷವಿರುವ ಹಾಳೆ ಕಳೆದುಹೋಗಿದ್ದರೆ ಪಾಕವನ್ನೇ ಓದಬೇಕು. ಹಳೆಯ ಪುಸ್ತಕಗಳು ಮಾಂಸದ ಕೆಂಪು ಬಣ್ಣಕ್ಕಾಗಿ ಪೆಟ್ಲುಪ್ಪನ್ನು, ಅಂದರೆ ಪೊಟ್ಯಾಸಿಯಂ ನೈಟ್ರೇಟನ್ನು ಹೇಳುತ್ತವೆ. ಅದು ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಆಗಿ ಮಾರ್ಪಟ್ಟ ಮೇಲಷ್ಟೇ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ನೈಟ್ರೈಟನ್ನು ನೇರವಾಗಿ ಬಳಸಲು ಅನುಮತಿ ದೊರೆತದ್ದು 1925ರಲ್ಲಿ. ಹಾಗಾಗಿ ಸೋಡಿಯಂ ನೈಟ್ರೈಟ್ ಬೆರೆಸಲು ಹೇಳುವ ಅಮೆರಿಕದ ಕೈಪಿಡಿ ಬಹುಮಟ್ಟಿಗೆ ಆ ವರ್ಷದ ನಂತರದ್ದು. ಆದರೆ ಹಳೆಯ ಅಳತೆಯನ್ನು ನಂಬಿ ಯಾರೂ ಇಂದು ಪೆಟ್ಲುಪ್ಪು ಬೆರೆಸಬಾರದು. ಈಗ ಈ ಲವಣಗಳನ್ನು ಕಿಲೋ ಮಾಂಸಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ತೂಗಿ ಹಾಕುತ್ತಾರೆ.

ನನ್ನನ್ನು ನಿಜವಾಗಿ ಕಾಡುವುದು ಕಾಗದದೊಳಗೆ ಇಳಿದಿರುವ ಉಪ್ಪು. ಗಾಳಿಯ ತೇವಾಂಶ ಶೇಕಡಾ 75ರ ಆಸುಪಾಸಿಗೆ ಏರಿದೊಡನೆ ಅಡುಗೆ ಉಪ್ಪು ನೀರನ್ನು ಹೀರಿ ಕರಗತೊಡಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಗರಿಗರಿಯಾಗಿ ತೋರುವ ಪುಟವೇ ಮಳೆಗಾಲದಲ್ಲಿ ತಣ್ಣಗೆ ಒದ್ದೆಯಾಗುತ್ತದೆ, ಮತ್ತೆ ಒಣಗುವಾಗ ಹರಳುಗಟ್ಟಿದ ಉಪ್ಪು ಕಾಗದದ ನಾರನ್ನು ಎಳೆಯುತ್ತದೆ, ಮಧ್ಯದ ಕಬ್ಬಿಣದ ಪಿನ್ನು ತುಕ್ಕು ಹಿಡಿದು ಸುತ್ತಲಿನ ಹಾಳೆಯನ್ನು ತಿನ್ನುತ್ತದೆ. ಹೀಗಾಗಿ ತೆಳುವಾದ ಕೈಪಿಡಿಯಾದರೆ ಪಿನ್ನನ್ನು ನಿಧಾನವಾಗಿ ಬಿಚ್ಚಿ, ಅವೇ ತೂತುಗಳಲ್ಲಿ ಲಿನನ್ ದಾರದಿಂದ ಹೊಲಿಯುವುದೇ ನಾನು ಮಾಡುವ ಮೊದಲ ಕೆಲಸ.

ಸಂಡೂರಿನ ಗಣಿ ಸೀಮೆಯ ಕೆಂಧೂಳು ಕೂತಿದ್ದರೆ ಬಟ್ಟೆಯಿಂದ ಉಜ್ಜಬೇಡಿ, ಮೆದು ಕುಂಚದಿಂದ ಹೊರಕ್ಕೆ ಗುಡಿಸಿ. ಜಿಡ್ಡು ಹಿಡಿದ ಪುಟಗಳ ನಡುವೆ ಆಮ್ಲರಹಿತ ಕಾಗದವನ್ನಿರಿಸಿ, ಪುಸ್ತಕವನ್ನು ಅಂಥದೇ ರಟ್ಟಿನ ಪೆಟ್ಟಿಗೆಯಲ್ಲಿ, ಹೊರಗೋಡೆಗೆ ತಾಗದಂತೆ ಇಡಿ.