ಪ್ಲೇಟ್‌ಲೆಟ್‌ನ ಉಸಿರಾಟ ಅಳೆಯುವುದು: ಎಡಹೃದಯದಿಂದ ಬರುವ ಪಲ್ಮನರಿ ಹೈಪರ್‌ಟೆನ್ಷನ್ ಬಗ್ಗೆ ಅಧ್ಯಯನ ಟಿಪ್ಪಣಿ

ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣ) ಎಷ್ಟು ಆಮ್ಲಜನಕ ಬಳಸುತ್ತದೆ ಎಂಬುದೇ ಇಲ್ಲಿ ಅದರ ಉಸಿರಾಟ. ಆ ಅಂಕಿಗಳಿಗೆ ಕೈ ಹಾಕುವ ಮೊದಲು ರೋಗಿ ಯಾವ ಗುಂಪಿಗೆ ಸೇರಿದವರು ಎಂಬುದು ಖಚಿತವಾಗಬೇಕು. ಬಲಹೃದಯದ ಕ್ಯಾತೆಟರ್ (ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆ) ಪರೀಕ್ಷೆಯಲ್ಲಿ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 20 ಮಿ.ಮೀ. ಪಾದರಸ ದಾಟಿದ್ದರೆ ಅದು ಪಲ್ಮನರಿ ಹೈಪರ್‌ಟೆನ್ಷನ್ (ಹಳೆಯ ಪುಸ್ತಕಗಳಲ್ಲಿ ಗಡಿ 25 ಎಂದಿರುತ್ತದೆ). ವೆಡ್ಜ್ ಒತ್ತಡ (ನಳಿಕೆಯ ತುದಿಯನ್ನು ಶ್ವಾಸಕೋಶದ ಸಣ್ಣ ಅಪಧಮನಿಯಲ್ಲಿ ಸಿಕ್ಕಿಸಿ ಅಳೆಯುವ, ಎಡಹೃದಯದ ಒತ್ತಡದ ಸೂಚಕ) 15ನ್ನೂ ಮೀರಿದ್ದರೆ ಎಡಹೃದಯದ ಒತ್ತಡ ಹಿಂದಕ್ಕೆ ಒತ್ತುತ್ತಿದೆ ಎಂದರ್ಥ: ರೋಗದ ವರ್ಗೀಕರಣದಲ್ಲಿ ಇದು ಎರಡನೇ ಗುಂಪು, ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಒಂದು ಲೆಕ್ಕ ಮಾಡಿ ನೋಡಿ. ಸರಾಸರಿ ಒತ್ತಡ 38, ವೆಡ್ಜ್ 22, ಹೃದಯ ಹೊರಹಾಕುವ ರಕ್ತ ನಿಮಿಷಕ್ಕೆ 4 ಲೀಟರ್. (38 − 22) ÷ 4 = 4 ವುಡ್ ಯೂನಿಟ್ (ಶ್ವಾಸಕೋಶದ ರಕ್ತನಾಳಗಳ ಪ್ರತಿರೋಧದ ಅಳತೆ). ಇದು ಗಡಿಯಾದ 2ಕ್ಕಿಂತ ಹೆಚ್ಚು. ಹಾಗಾಗಿ ತೊಂದರೆ ಬರೀ ಹಿಂದೊತ್ತಡದ್ದಲ್ಲ, ಶ್ವಾಸಕೋಶದ ರಕ್ತನಾಳಗಳೂ ಬದಲಾಗಿವೆ. ಇಂಥವರನ್ನೂ 2ರೊಳಗೆ ಇರುವವರನ್ನೂ ಒಂದೇ ಗುಂಪಿಗೆ ಹಾಕಿದರೆ ಮುಂದಿನ ಎಲ್ಲ ಅಳತೆಯೂ ಮಸುಕಾಗುತ್ತದೆ.

ಅಳೆಯಲು ಯಾವ ಕಣ? ಕೆಂಪು ಕಣದಲ್ಲಿ ಮೈಟೊಕಾಂಡ್ರಿಯಾ (ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಕೋಶಭಾಗ) ಇಲ್ಲ; ಅದರ ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಅಣು) ಪೂರ್ತಿ, ಆಮ್ಲಜನಕವಿಲ್ಲದೆ ಸಕ್ಕರೆ ಒಡೆಯುವ ಗ್ಲೈಕೊಲಿಸಿಸ್‌ನಿಂದಲೇ, ಒಂದು ಗ್ಲೂಕೋಸಿಗೆ ನಿವ್ವಳ 2. ಬಿಳಿ ಕಣಗಳಲ್ಲಿ ಮೈಟೊಕಾಂಡ್ರಿಯಾ ಉಂಟು, ಆದರೆ ಅವು ಹಲವು ಜಾತಿಯ ಮಿಶ್ರಣ. ಪ್ಲೇಟ್‌ಲೆಟ್ ಅನುಕೂಲ: ಬೇಕಾದಷ್ಟು ಸಿಗುತ್ತದೆ, ಮೈಟೊಕಾಂಡ್ರಿಯಾ ಇದೆ, ಕೋಶಕೇಂದ್ರ ಇಲ್ಲ, ಆಯುಸ್ಸು 7ರಿಂದ 10 ದಿನ. ಅಂದರೆ ಇಂದಿನ ಅಂಕಿ ಹೆಚ್ಚುಕಡಿಮೆ ಕಳೆದ ವಾರದ ದೇಹಸ್ಥಿತಿಯನ್ನು ಹೇಳುತ್ತದೆ.

ಎಡವುವುದು ಹೆಚ್ಚಾಗಿ ಮಾದರಿ ತಯಾರಿಯಲ್ಲಿ. ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬಿನಲ್ಲಿ ರಕ್ತ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಬ್ರೇಕ್ ಹಾಕದೆ ಸುಮಾರು 200 ಜಿ (ಗುರುತ್ವದ 200 ಪಟ್ಟು) ಬಲದಲ್ಲಿ ತಿರುಗಿಸಿ, ಮೇಲಿನ ಪದರವನ್ನಷ್ಟೇ ತೆಗೆದುಕೊಳ್ಳಬೇಕು. ಕೆಂಪು ಕಣಗಳ ಹತ್ತಿರದ ಭಾಗವನ್ನು ಬಿಟ್ಟುಬಿಡಿ. ಎರಡನೇ ಸಲ ತಿರುಗಿಸುವ ಮುಂಚೆ ಪ್ರೊಸ್ಟಸೈಕ್ಲಿನ್ (ಪ್ಲೇಟ್‌ಲೆಟ್ ಅನ್ನು ಶಾಂತವಾಗಿಡುವ ವಸ್ತು) ಸೇರಿಸಿ, ಇಲ್ಲವಾದರೆ ಕಣಗಳು ಸಕ್ರಿಯಗೊಂಡು ಅಂಟಿಕೊಳ್ಳುತ್ತವೆ. ಫ್ರಿಜ್ಜಿನಲ್ಲಿ ಇಡಲೇಬೇಡಿ, ತಂಪೂ ಪ್ಲೇಟ್‌ಲೆಟ್ ಅನ್ನು ಸಕ್ರಿಯಗೊಳಿಸುತ್ತದೆ. ಕೋಣೆಯ ಉಷ್ಣತೆಯಲ್ಲಿಟ್ಟು ಕೆಲವೇ ಗಂಟೆಗಳಲ್ಲಿ ಅಳೆದು ಮುಗಿಸಿ.

ಸೀಹಾರ್ಸ್ ಯಂತ್ರದಲ್ಲಿ (ಕೋಶಗಳು ಆಮ್ಲಜನಕ ಬಳಸುವ ಮತ್ತು ಆಮ್ಲ ಬಿಡುವ ವೇಗವನ್ನು ಅಳೆಯುವ ಸಾಧನ) ಮೂರು ಸಲ ರಾಸಾಯನಿಕ ಸೇರಿಸಬೇಕು. ಒಲಿಗೊಮೈಸಿನ್ ಎಟಿಪಿ ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಎಫ್‌ಸಿಸಿಪಿ ಪೊರೆಯ ಪ್ರೋಟಾನ್ ಅಂತರವನ್ನು ಒಡೆದು ಉಸಿರಾಟವನ್ನು ಗರಿಷ್ಠಕ್ಕೆ ಏರಿಸುತ್ತದೆ. ಕೊನೆಗೆ ರೊಟೆನೋನ್ ಮತ್ತು ಆಂಟಿಮೈಸಿನ್ ಎ ಸೇರಿ ಮೈಟೊಕಾಂಡ್ರಿಯಾದ ಉಸಿರಾಟವನ್ನೆಲ್ಲ ನಿಲ್ಲಿಸುತ್ತವೆ. ಅಭ್ಯಾಸಕ್ಕೆ ಆಮ್ಲಜನಕ ಬಳಕೆಯ ಕಲ್ಪಿತ ಅಂಕಿಗಳು: ಆರಂಭದಲ್ಲಿ 120, ಒಲಿಗೊಮೈಸಿನ್ ನಂತರ 50, ಎಫ್‌ಸಿಸಿಪಿ ನಂತರ 200, ಕೊನೆಗೆ 20. ಈ 20 ಮೈಟೊಕಾಂಡ್ರಿಯಾದ್ದಲ್ಲ, ಹಾಗಾಗಿ ಕಳೆಯಬೇಕು. ಮೂಲ ಉಸಿರಾಟ 100, ಎಟಿಪಿಗೆ ಹೋದದ್ದು 70, ಪ್ರೋಟಾನ್ ಸೋರಿಕೆ 30, ಗರಿಷ್ಠ 180. ಗರಿಷ್ಠದಿಂದ ಮೂಲವನ್ನು ಕಳೆದರೆ ಮೀಸಲು ಸಾಮರ್ಥ್ಯ 80.

ನನ್ನ ಮಟ್ಟಿಗೆ ನಿಂತು ಓದಬೇಕಾದ ಅಂಕಿ ಈ ಮೀಸಲೇ. ಪಲ್ಮನರಿ ಹೈಪರ್‌ಟೆನ್ಷನ್ ಎಂದೊಡನೆ ಪಠ್ಯಪುಸ್ತಕ ಹೇಳುವುದು ವಾರ್ಬರ್ಗ್ ಕಥೆ: ರಕ್ತನಾಳದ ಕೋಶಗಳು ಗ್ಲೈಕೊಲಿಸಿಸ್ ಕಡೆ ವಾಲುತ್ತವೆ, ಮೈಟೊಕಾಂಡ್ರಿಯಾ ಹಿಂದೆ ಸರಿಯುತ್ತದೆ. ಪ್ಲೇಟ್‌ಲೆಟ್ ಈ ಕಥೆಗೆ ಅರ್ಧ ಮಾತ್ರ ಒಪ್ಪಿತು. 2017ರಲ್ಲಿ ಪಿಟ್ಸ್‌ಬರ್ಗ್‌ನ ಸಂಶೋಧಕರು ಮೊದಲನೇ ಗುಂಪಿನ (ಶ್ವಾಸಕೋಶದ ಅಪಧಮನಿಗಳದೇ ರೋಗವಾದ) ರೋಗಿಗಳಲ್ಲಿ ಗ್ಲೈಕೊಲಿಸಿಸ್ ಹೆಚ್ಚಿರುವುದನ್ನು ಕಂಡರು. ಜೊತೆಗೆ ಮೀಸಲು ಸಾಮರ್ಥ್ಯವೂ ಹೆಚ್ಚಿತ್ತು. ಅದನ್ನು ಎರಡನೇ ಗುಂಪಿಗೆ ಹಾಗೆಯೇ ಒಯ್ಯುವಂತಿಲ್ಲ. ಅಲ್ಲಿ, ಅದರಲ್ಲೂ ಹೃದಯದ ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಎಡ ಕುಹರ ಹೊರಹಾಕುವ ರಕ್ತದ ಪಾಲು) 50%ಗಿಂತ ಕಡಿಮೆಯಾಗದೆಯೇ ಹೃದಯ ವೈಫಲ್ಯ ಇರುವವರಲ್ಲಿ, ಬೊಜ್ಜು ಮತ್ತು ಮಧುಮೇಹ ಜೊತೆಗೇ ಬರುತ್ತವೆ. ಎರಡೂ ತಾವಾಗಿಯೇ ಮೈಟೊಕಾಂಡ್ರಿಯಾವನ್ನು ಬದಲಿಸಬಲ್ಲವು.

ಔಷಧಿಗಳ ಪಟ್ಟಿ ಕೇಳದೆ ಅಂಕಿ ನಂಬಬೇಡಿ. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಔಷಧಿ ಕಾಂಪ್ಲೆಕ್ಸ್ 1ನ್ನು (ಮೈಟೊಕಾಂಡ್ರಿಯಾದ ಉಸಿರಾಟ ಸರಣಿಯ ಮೊದಲ ಕಿಣ್ವ) ತಗ್ಗಿಸುತ್ತದೆ. ಮೊದಲನೇ ಗುಂಪಿನವರು ಪ್ರೊಸ್ಟಸೈಕ್ಲಿನ್ ಜಾತಿಯ ಔಷಧಿಯಲ್ಲಿದ್ದರೆ ಅವರ ಪ್ಲೇಟ್‌ಲೆಟ್ ಮೊದಲೇ ಶಾಂತವಾಗಿರುತ್ತದೆ.

ಮೀಸಲು ಕಡಿಮೆ ಕಂಡರೆ ರೋಗವನ್ನು ದೂರುವ ಮುನ್ನ ಎಫ್‌ಸಿಸಿಪಿ ಪ್ರಮಾಣ ನೋಡಿ. ಕಡಿಮೆಯಾದರೆ ಗರಿಷ್ಠ ಮುಟ್ಟುವುದಿಲ್ಲ, ಜಾಸ್ತಿಯಾದರೆ ಉಸಿರಾಟವೇ ಕುಸಿಯುತ್ತದೆ. ಎರಡರಲ್ಲೂ ಸುಳ್ಳು ಕೊರತೆ. ಆಮ್ಲ ಬಿಡುಗಡೆಯ ವೇಗವನ್ನೂ ನೇರವಾಗಿ ಗ್ಲೈಕೊಲಿಸಿಸ್ ಎಂದು ಬರೆಯಬಾರದು, ಉಸಿರಾಟದ ಇಂಗಾಲದ ಡೈಆಕ್ಸೈಡ್ ಕೂಡ ಮಾಧ್ಯಮವನ್ನು ಆಮ್ಲೀಯವಾಗಿಸುತ್ತದೆ. ಗ್ಲೈಕೊಲಿಸಿಸ್ ತಡೆಯುವ 2-ಡಿಆಕ್ಸಿಗ್ಲೂಕೋಸ್ ಹಾಕಿ ಎಷ್ಟು ಇಳಿಯಿತೆಂದು ನೋಡಿದರೆ ಗ್ಲೈಕೊಲಿಸಿಸ್‌ನ ಪಾಲು ತಿಳಿಯುತ್ತದೆ. ಮಾದರಿ ಹಾಕುವ ತಟ್ಟೆಯ ಬಾವಿಯಿಂದ (ಸಣ್ಣ ಕುಳಿಯಿಂದ) ಬಾವಿಗೆ ಕಣಸಂಖ್ಯೆ ಬೇರೆಯಾದರೆ ಹೋಲಿಕೆಯೇ ಇಲ್ಲ, ಹಾಗಾಗಿ ಎಣಿಕೆ ಅಥವಾ ಪ್ರೋಟೀನ್‌ಗೆ ಸರಿಹೊಂದಿಸಿ.

ಇನ್ನು ಹೋಲಿಕೆಗೆ ಯಾರು? ಆರೋಗ್ಯವಂತ ಯುವಕರನ್ನು ಕೂರಿಸಿದರೆ ವಯಸ್ಸು, ತೂಕ, ಸಕ್ಕರೆ ಎಲ್ಲವೂ ರೋಗದ ಹೆಸರಿಗೆ ಜಮೆಯಾಗುತ್ತವೆ. ಅದೇ ವಯಸ್ಸು ಮತ್ತು ತೂಕದ, ಹೃದಯ ವೈಫಲ್ಯವಿದ್ದೂ ಶ್ವಾಸಕೋಶದ ಒತ್ತಡ ಏರದವರೇ ಬೇಕು.