ಕಾರ್ಖಾನೆ ಹೋದ ಮೇಲೆ ಮನೆ ಬೆಲೆ ಏನಾಗುತ್ತದೆ? ಡೆಟ್ರಾಯಿಟ್, ಕಲಬುರಗಿ, ಶಹಾಬಾದ್

ನಗರ ಅರ್ಥಶಾಸ್ತ್ರದ ಪೇಪರಿನಲ್ಲಿ ಈ ಪ್ರಶ್ನೆ ಬಂದರೆ ಹೆಚ್ಚಿನವರು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ: ಕಾರ್ಖಾನೆ ಮುಚ್ಚಿತು, ಕೆಲಸ ಹೋಯಿತು, ಬೇಡಿಕೆ ಇಳಿಯಿತು, ಮನೆ ಬೆಲೆಯೂ ಇಳಿಯಿತು. ತಪ್ಪೇನಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಕಲಬುರಗಿಯೇ ಅರ್ಥವಾಗುವುದಿಲ್ಲ. ಇಲ್ಲಿ ಎಂಎಸ್‌ಕೆ (ಮೆಹಬೂಬ್ ಶಾಹಿ ಕಲಬುರಗಿ) ಬಟ್ಟೆ ಮಿಲ್ ಮುಚ್ಚಿ ಎಷ್ಟೋ ವರ್ಷಗಳಾದವು. ಆದರೂ ಪ್ಲಾಟ್ ಬೆಲೆ ಕುಸಿಯಲಿಲ್ಲ, ಏರಿತು. ಯಾಕೆ? ಬೆಲೆ ಏರಿದರೆ ಜನರ ಬದುಕೂ ಸುಧಾರಿಸಿದ ಹಾಗೇನಾ? ಈ ಎರಡು ಪ್ರಶ್ನೆ ಇಟ್ಟುಕೊಂಡು ಓದೋಣ.

ಮೊದಲು ಡೆಟ್ರಾಯಿಟ್

ಪಠ್ಯದಲ್ಲಿ ಈ ಅಮೆರಿಕದ ಊರು ಬಂದೇ ಬರುತ್ತದೆ. 1913ರಲ್ಲಿ ಫೋರ್ಡ್ ಕಂಪನಿ ಇದಕ್ಕೆ ಅಂಟಿಕೊಂಡ ಹೈಲ್ಯಾಂಡ್ ಪಾರ್ಕ್‌ನಲ್ಲಿ ಸಾಗುವ ಪಟ್ಟಿಯ ಮೇಲೆ ಕಾರು ಜೋಡಿಸಲು ಶುರು ಮಾಡಿತು. ಮರುವರ್ಷ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿತು. ಜನ ಬಂದು ತುಂಬಿದರು. 1950ರಲ್ಲಿ ಡೆಟ್ರಾಯಿಟ್ ಜನಸಂಖ್ಯೆ ಸುಮಾರು 18.5 ಲಕ್ಷ. 2020ರಲ್ಲಿ 6.4 ಲಕ್ಷಕ್ಕೂ ಸ್ವಲ್ಪ ಕಡಿಮೆ. ಮೂರರಲ್ಲಿ ಎರಡು ಪಾಲು ಜನ ಖಾಲಿ.

ಕಾರಣ ಒಂದೇ ಅಲ್ಲ. ಕಾರ್ಖಾನೆಗಳು ಊರ ಹೊರಗೆ, ಬೇರೆ ರಾಜ್ಯಗಳಿಗೆ ಹೋದವು. ಯಂತ್ರಗಳು ಬಂದವು. ಜಪಾನಿನ ಕಾರುಗಳು ಮಾರುಕಟ್ಟೆ ಹಿಡಿದವು. ಇದರ ಜೊತೆ ವರ್ಣಭೇದವನ್ನು ಬಿಡದೆ ಬರೆಯಿರಿ. 1930ರ ದಶಕದ ಸಾಲದ ನಕ್ಷೆಗಳಲ್ಲಿ ಕಪ್ಪು ಜನ ವಾಸಿಸುವ ಬಡಾವಣೆಗಳಿಗೆ ಕೆಂಪು ಬಣ್ಣ ಹಚ್ಚಿ 'ಅಪಾಯ' ಎಂದು ಗುರುತಿಸಿದ್ದರು. ಅಂಥ ಕಡೆ ಗೃಹಸಾಲ ಸಿಗುವುದೇ ಕಷ್ಟ. ಬಿಳಿಯರು ಉಪನಗರಗಳಿಗೆ ಹೋದರು. ಸಾಲವೂ ಸಿಗದೆ, ಹೊರಗೆ ಮನೆಯೂ ಸಿಗದೆ ಉಳಿದವರ ಮೇಲೆ ಕುಸಿತದ ಭಾರ ಬಿತ್ತು.

ಬೆಲೆ ಯಾಕೆ ಅಷ್ಟು ಆಳಕ್ಕೆ ಇಳಿಯಿತು?

ಇದು ಈ ಪಾಠದ ಮುಖ್ಯ ಭಾಗ. ಎಡ್ವರ್ಡ್ ಗ್ಲೇಸರ್ ಮತ್ತು ಜೋಸೆಫ್ ಗ್ಯೂರ್ಕೊ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಮನೆ ಅನ್ನುವುದು ಬಹಳ ಕಾಲ ಬಾಳುವ ವಸ್ತು. ಕಟ್ಟುವುದು ಬೇಗ, ಇಲ್ಲವಾಗುವುದು ನಿಧಾನ.

ಒಂದು ಊಹೆಯ ಲೆಕ್ಕ ಮಾಡೋಣ. ಮನೆ ಕಟ್ಟಲು 20 ಲಕ್ಷ ಬೇಕು ಅಂತ ಇಟ್ಟುಕೊಳ್ಳಿ, ಜಾಗದ ಮಾತು ಸದ್ಯಕ್ಕೆ ಬೇಡ. ಬೇಡಿಕೆ ಏರಿ ಮನೆಗಳು 24 ಲಕ್ಷಕ್ಕೆ ಹೋಗತೊಡಗಿದರೆ ಬಿಲ್ಡರುಗಳು ಸುಮ್ನೆ ಕೂರುವುದಿಲ್ಲ. ಹೊಸ ಮನೆ ಏಳುತ್ತವೆ, ಬೆಲೆ ಮತ್ತೆ 20ರ ಹತ್ತಿರ ಬರುತ್ತದೆ. ಈಗ ಬೇಡಿಕೆ ಇಳಿಯಿತು ಅನ್ನಿ. ಕಟ್ಟಿದ ಮನೆಗಳು ಎಲ್ಲಿಗೂ ಹೋಗುವುದಿಲ್ಲ, ಮನೆ ಅಷ್ಟೇ ಇವೆ, ಕೊಳ್ಳುವವರು ಕಡಿಮೆ. ಬೆಲೆ 15ಕ್ಕೆ, 10ಕ್ಕೆ, 6ಕ್ಕೆ ಬೀಳಬಹುದು. ಪೂರೈಕೆ ರೇಖೆ ಎಳೆಯುವಾಗ ಇದನ್ನೇ ತೋರಿಸಬೇಕು: ಈಗಿರುವ ಮನೆಗಳ ಸಂಖ್ಯೆಯ ಬಳಿ ರೇಖೆ ನೆಟ್ಟಗೆ ನಿಂತಿರುತ್ತದೆ, ಕಟ್ಟುವ ಖರ್ಚಿನ ಮಟ್ಟ ಮುಟ್ಟಿದ ಮೇಲೆ ಬಲಕ್ಕೆ ಮಲಗುತ್ತದೆ. ಚಿತ್ರ ಸರಿಯಾಗಿ ಬಂದರೆ ಅರ್ಧ ಉತ್ತರ ಬಂದಂತೆ.

ಈಗ ಅದೇ 6 ಲಕ್ಷದ ಮನೆಯ ಚಾವಣಿ ಸೋರುತ್ತಿದೆ. ರಿಪೇರಿಗೆ 3 ಲಕ್ಷ. ರಿಪೇರಿ ಆದ ಮೇಲೆ ಬೆಲೆ ಏರುವುದು 1 ಲಕ್ಷ. ಯಾವ ಮಾಲೀಕ ಮಾಡಿಸುತ್ತಾನೆ? ಬಾಡಿಗೆಗೆ ಇರುವವರು ಸೋರುವ ಮನೆಯಲ್ಲೇ ದಿನ ಕಳೆಯುತ್ತಾರೆ. ಬೆಲೆ ಕಟ್ಟುವ ಖರ್ಚಿಗಿಂತ ಕೆಳಗೆ ಬಿದ್ದ ಕಡೆ ಮನೆ ಅಗ್ಗವಾಗಿರುತ್ತದೆ, ಬದುಕು ಮಾತ್ರ ದುಬಾರಿಯಾಗುತ್ತದೆ. ಅಗ್ಗದ ಮನೆ ಕಡಿಮೆ ಆದಾಯದವರನ್ನು ಅಲ್ಲೇ ಹಿಡಿದಿಡುತ್ತದೆ. ಹೀಗಾಗಿ ಬೆಲೆ ಸರ್ರನೆ ಇಳಿದರೂ ಜನಸಂಖ್ಯೆ ಮೆಲ್ಲಗೆ ಇಳಿಯುತ್ತದೆ.

ಆಮೇಲೆ ಊರಿನ ಖರ್ಚು. ಜನ ಕಡಿಮೆಯಾದರು ಅಂತ ರಸ್ತೆ, ಪೈಪು, ಬೀದಿದೀಪ ಕಡಿಮೆಯಾಗುವುದಿಲ್ಲ. ತೆರಿಗೆ ಕೊಡುವವರು ಕಡಿಮೆ. 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಆ ಹೊತ್ತಿಗೆ ಸುಮಾರು 40% ಬೀದಿದೀಪ ಉರಿಯುತ್ತಿರಲಿಲ್ಲ. ಮನೆ ಬೆಲೆ ಬಿದ್ದರೂ ತೆರಿಗೆಯ ಮೌಲ್ಯ ಹಲವು ವರ್ಷ ಹಳೇ ಮಟ್ಟದಲ್ಲೇ ಉಳಿದಿತ್ತು. ತೆರಿಗೆ ಕಟ್ಟಲಾಗದವರ ಮನೆಗಳು ಹರಾಜಿಗೆ ಹೋದವು. ಎರಡನೇ ಸುತ್ತಿನ ಹರಾಜಿನ ಆರಂಭದ ಬೆಲೆ 500 ಡಾಲರ್! ಇದನ್ನು 'ಕೈಗೆಟುಕುವ ಮನೆ' ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆ ಮನೆಯಿಂದ ಯಾರೋ ಹೊರಬಿದ್ದಿದ್ದಾರೆ ಅಲ್ವಾ?

ಈಗ ಕಲಬುರಗಿ

ಕಲಬುರಗಿ ಮೂಲಕ ಹಾಯುವ ಬಾಂಬೆ–ಮದ್ರಾಸ್ ರೈಲು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿತು. ಸುತ್ತ ಹತ್ತಿ ಬೆಳೆಯುವ ಕಪ್ಪು ನೆಲ, ಪಕ್ಕದಲ್ಲೇ ರೈಲು. 1880ರ ದಶಕದಲ್ಲಿ ಮೆಹಬೂಬ್ ಶಾಹಿ ಮಿಲ್ ಬಂತು. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರು ಅದಕ್ಕೆ. 1974ರಲ್ಲಿ ನಷ್ಟದ ಮಿಲ್‌ಗಳ ರಾಷ್ಟ್ರೀಕರಣವಾದಾಗ ಇದೂ ಸರ್ಕಾರಕ್ಕೆ ಸೇರಿತು. ಕೊನೆಗೆ ಮುಚ್ಚಿತು. ಇಂದು ಎಂಎಸ್‌ಕೆ ಮಿಲ್ ಅಂದರೆ ಒಂದು ಬಡಾವಣೆ.

ಡೆಟ್ರಾಯಿಟ್‌ನಂತೆ ಇಲ್ಲಿ ಯಾಕೆ ಆಗಲಿಲ್ಲ? ಊರು ಒಂದೇ ಕೆಲಸದ ಮೇಲೆ ನಿಂತಿರಲಿಲ್ಲ. ವಿಭಾಗೀಯ ಕೇಂದ್ರದ ಕಚೇರಿಗಳು ಇಲ್ಲೇ. 1980ರಲ್ಲಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟ್ ಪೀಠ, 2009ರಲ್ಲಿ ಆಳಂದ ರಸ್ತೆಯ ಕಡಗಂಚಿ ಬಳಿ ಕೇಂದ್ರೀಯ ವಿಶ್ವವಿದ್ಯಾಲಯ. ತೊಗರಿ ವ್ಯಾಪಾರ, ದಾಲ್ ಮಿಲ್‌ಗಳು, ಆಸ್ಪತ್ರೆಗಳು, ಕೋಚಿಂಗ್ ಸೆಂಟರ್‌ಗಳು ಬೇರೆ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 5.3 ಲಕ್ಷ. ಜನ ಏರುತ್ತಿರುವಾಗ ಮಿಲ್ ಇದ್ದ ಜಾಗಕ್ಕೂ ಬೇಡಿಕೆ ಇದ್ದೇ ಇರುತ್ತದೆ.

ಒಂದು ವಿಷಯ ಗಮನಿಸಿ. ಜಾಗದ ಬೆಲೆ ಏರಿದ್ದು ಜಾಗ ಇದ್ದವರಿಗೆ ಲಾಭ. ಮಿಲ್ ಕೆಲಸ ಕಳೆದುಕೊಂಡು ಕಿರಾಯಿ ಮನೆಯಲ್ಲಿದ್ದ ನೇಕಾರನಿಗೆ ಎರಡು ಕಡೆಯ ಪೆಟ್ಟು: ಸಂಬಳ ನಿಂತಿತು, ಕಿರಾಯಿ ಏರಿತು. ಊರಿನ ಸರಾಸರಿ ಬೆಲೆ ನೋಡಿದರೆ ಇದು ಕಾಣುವುದೇ ಇಲ್ಲ.

ಬದುಕಿನ ಸ್ಥಿತಿ ಅಂದಾಗ ನಮ್ಮ ಕಡೆ ಮೊದಲು ಕೇಳಬೇಕಾದದ್ದು ಚಾವಣಿ ಮತ್ತು ನೀರು. ಬೇಸಿಗೆಯಲ್ಲಿ 42-43 ಡಿಗ್ರಿ ಮುಟ್ಟುವ ಊರಲ್ಲಿ ಪತ್ರಾಸ್ ಹೊದಿಸಿದ ಮನೆಯೊಳಗೆ ಮಧ್ಯಾಹ್ನ ಕೂಸನ್ನು ಮಲಗಿಸುವುದೇ ಕಷ್ಟ. ಕೆಳಗೆ ಶಹಾಬಾದ್ ಫರಸಿ (ನೆಲಕ್ಕೆ ಹಾಸುವ ಕಲ್ಲು) ಇದ್ದರೆ ನೆಲವಾದರೂ ತಂಪು. ನಗರದ ನೀರು ಬೆಣ್ಣೆತೊರೆ ಜಲಾಶಯ ಮತ್ತು ಸರಡಗಿ ಬಳಿಯ ಭೀಮಾ ನದಿಯಿಂದ ಬರಬೇಕು. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಮೇಲೂ ಕಿರಾಯಿ ನಿಲ್ಲುತ್ತದೆ.

ಶಹಾಬಾದ್ ಬೇರೆಯೇ ಕಥೆ

ಸಿಮೆಂಟ್ ಕಾರ್ಖಾನೆ, ಯಂತ್ರಗಳ ಕಾರ್ಖಾನೆ, ಕಲ್ಲಿನ ಗಣಿ: ಕಲಬುರಗಿ ಜಿಲ್ಲೆಯ ಈ ಊರು ಬೆಳೆದದ್ದೇ ಇವುಗಳ ಸುತ್ತ. ಕಾರ್ಖಾನೆ ಕಾಲೊನಿಯ ಕ್ವಾರ್ಟರ್ಸ್‌ಗೆ ಮಾರುಕಟ್ಟೆ ಬೆಲೆ ಇಲ್ಲ. ಮನೆ ಸಂಬಳದ ಒಂದು ಭಾಗ. ಇಂಥ ಕಾಲೊನಿಗಳಲ್ಲಿ ನೀರು, ಕರೆಂಟು, ಶಾಲೆ, ದವಾಖಾನೆಯನ್ನೂ ಕಂಪನಿಯೇ ನೋಡಿಕೊಳ್ಳುವುದುಂಟು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮೂವತ್ತು ವರ್ಷ ವಾಸವಿದ್ದರೂ ಮಾರಲು, ಅಡವಿಡಲು ಏನೂ ಕೈಯಲ್ಲಿ ಇರುವುದಿಲ್ಲ. ಡೆಟ್ರಾಯಿಟ್‌ನ ಹಲವು ಕಾರ್ಮಿಕರ ಬಳಿ ಬೆಲೆ ಬಿದ್ದ ಸ್ವಂತ ಮನೆಯಾದರೂ ಇತ್ತು. ಈ ವ್ಯತ್ಯಾಸ ಉತ್ತರದಲ್ಲಿ ಬರಲೇಬೇಕು.

ಪ್ರಾಜೆಕ್ಟ್ ಮಾಡುವವರಿಗೆ

ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯೊಂದನ್ನೇ ನೆಚ್ಚಬೇಡಿ. ಅದು ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಮೌಲ್ಯ. ಮಾರಾಟ ನಡೆಯುವ ಬೆಲೆ ಬೇರೆ ಇರಬಹುದು. ಒಂದೇ ಬಡಾವಣೆಯಲ್ಲಿ ಮೂರು ಸಂಗತಿ ಕೇಳಿ: ಮನೆ ಬೆಲೆ, ತಿಂಗಳ ಕಿರಾಯಿ, ಕುಟುಂಬದ ಆದಾಯ. ಬೆಲೆಯನ್ನು ವರ್ಷದ ಆದಾಯದಿಂದ ಭಾಗಿಸಿದರೆ ಕೊಳ್ಳುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ವರ್ಷದ ಕಿರಾಯಿಯನ್ನು ಬೆಲೆಯಿಂದ ಭಾಗಿಸಿದರೆ ಇನ್ನೊಂದು ಸುಳಿವು. 40 ಲಕ್ಷದ ಮನೆಗೆ ತಿಂಗಳಿಗೆ 8 ಸಾವಿರ ಕಿರಾಯಿ ಅಂದರೆ ವರ್ಷಕ್ಕೆ 96 ಸಾವಿರ, ಅಂದರೆ 2.4%. ಬ್ಯಾಂಕಿನ ಠೇವಣಿ ಬಡ್ಡಿಗಿಂತ ಇಷ್ಟು ಕಡಿಮೆ ಬಂದರೂ ಜನ ಕೊಳ್ಳುತ್ತಿದ್ದರೆ, ಅವರ ಲೆಕ್ಕದಲ್ಲಿ ಕಿರಾಯಿಗಿಂತ ನಾಳೆಯ ಜಾಗದ ಬೆಲೆಯೇ ಮುಖ್ಯವಾಗಿದೆ ಅಂತ ಬರೆಯಬಹುದು.