ಸ್ಪಂಜನ್ನು ನಲ್ಲಿ ಕೆಳಗೆ ಹಿಡಿಯಬೇಡಿ

ದೀಪಾವಳಿಗೆ ಮನೆ ತೊಳೆಯುವ ವಾರ ಮುಗಿಯಿತೋ, ಅಕ್ವೇರಿಯಂ ಅಂಗಡಿ ಇಟ್ಟಿರುವ ನನ್ನ ಫೋನ್ ಬಡಿದುಕೊಳ್ಳಲು ಶುರುವಾಗುತ್ತದೆ. ಹೋದ ವರ್ಷ ಹುಬ್ಬಳ್ಳಿ ವಿದ್ಯಾನಗರದ ಅಕ್ಕಾರೊಬ್ಬರು ಗಾಬರಿಯಾಗಿದ್ದರು. "ಟ್ಯಾಂಕ್ ಫಳಫಳಾ ಹೊಳ್ಯಾಕತ್ತೈತ್ರಿ, ಮೀನ ನೋಡಿದ್ರ ಮ್ಯಾಲೆ ಬಂದು ಬಾಯಿ ಬಿಡಾಕತ್ತಾವ್ರಿ!"

ಹೋಗಿ ನೋಡಿದೆ. ಮೀನುಗಳನ್ನು ಬೋಗುಣಿಗೆ ಹಾಕಿ, ಹಳೇ ನೀರೆಲ್ಲ ಚೆಲ್ಲಿ, ಕಲ್ಲು ಬಿಸಿಲಿಗೆ ಒಣಗಿಸಿದ್ದರು. ಫಿಲ್ಟರಿನ ಸ್ಪಂಜನ್ನಂತೂ ನಲ್ಲಿ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿದ್ದರು. ಎಡವಟ್ಟಾಗಿದ್ದು ಅಲ್ಲೇ.

ಮೀನಿನ ಹೇಲಿನಿಂದ, ಕಿವಿರಿನಿಂದ, ಉಳಿದ ಆಹಾರದಿಂದ ನೀರಿಗೆ ಅಮೋನಿಯ ಸೇರುತ್ತಲೇ ಇರುತ್ತದೆ. ಅದು ವಿಷ. ಸ್ಪಂಜು ಮತ್ತು ಕಲ್ಲಿಗೆ ಅಂಟಿಕೊಂಡ ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಇದನ್ನು ಮೀನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ನಲ್ಲಿ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಮತ್ತೆ ಬೆಳೆಯಲು ವಾರಗಳೇ ಬೇಕು. ನಾವು ಕೊಳೆ ಅಂತ ಹಿಂಡಿ ಚೆಲ್ಲುವ ಆ ಕಂದು ಲೋಳೆಯೇ ಅಸಲಿ ಫಿಲ್ಟರ್!

ಹಾಗಾದರೆ ಹೇಗೆ ತೊಳೆಯಬೇಕು? ಮೀನು ಅಲ್ಲೇ ಇರಲಿ. ಮೊದಲು ಹೀಟರ್, ಫಿಲ್ಟರಿನ ಸ್ವಿಚ್ ಆರಿಸಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಸೀಳುತ್ತದೆ. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ಟ್ಯಾಂಕಿನಲ್ಲಿ ಹೆಚ್ಚೆಂದರೆ 56 ಲೀಟರ್ ನೀರು. ಅದರಲ್ಲಿ ಕಾಲು ಭಾಗ ಮಾತ್ರ ತೆಗೆಯಿರಿ, ಅಂದರೆ ಸುಮಾರು 14 ಲೀಟರ್, ಒಂದು ಬಕೆಟ್ ಅಷ್ಟೆ. ಪೈಪಿನ ತುದಿಯನ್ನು ಕಲ್ಲಿನ ನಡುವೆ ಆಡಿಸುತ್ತಾ ಹೊಲಸನ್ನು ಬಕೆಟ್ಟಿಗೆ ಎಳೆಯಿರಿ. ಬಾಯಿಂದ ಹೀರಬೇಡಿ, ಪೈಪಿಗೆ ಮೊದಲೇ ನೀರು ತುಂಬಿಕೊಳ್ಳಿ. ಸ್ಪಂಜನ್ನು ಅದೇ ಬಕೆಟ್ಟಿನ ನೀರಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಸಾಕು. ಆ ನೀರು ತುಳಸಿ ಗಿಡಕ್ಕೆ ಒಳ್ಳೇ ಗೊಬ್ಬರ.

ಗಾಜಿನ ಪಾಚಿಗೆ ಹಳೇ ಎಟಿಎಂ ಕಾರ್ಡ್ ಸಾಕು. ಸೋಪು ಮಾತ್ರ ಬೇಡವೇ ಬೇಡ, ಒಂದು ಹನಿಯೂ.

ಇನ್ನು ಹೊಸ ನೀರು. ನಮ್ಮಲ್ಲಿ ಅನೇಕ ಓಣಿಗಳಿಗೆ ಮಲಪ್ರಭೆ ನೀರು ದಿನಾ ಬರುವುದಿಲ್ಲ. ನಾವು ಬೈದುಕೊಂಡು ತುಂಬಿಡುತ್ತೇವೆ ಅಲ್ವಾ, ಮೀನಿಗೆ ಅದೇ ಅನುಕೂಲ. ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯ ಆ್ಯಂಟಿ-ಕ್ಲೋರಿನ್ ಹಾಕಿ. ಕೈ ಅದ್ದಿ ನೋಡಿ, ಎರಡೂ ನೀರು ಒಂದೇ ಹದಕ್ಕಿರಬೇಕು. ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರನ್ನು ಸುಮ್ನೆ ಸುರಿದರೆ ಮೀನು ಬೆಂದೇ ಹೋದೀತು.

ಅಕ್ಕಾರ ಮನೆಗೆ ನನ್ನ ಅಂಗಡಿ ಟ್ಯಾಂಕಿನ ಕೊಳಕು ಸ್ಪಂಜು ತಂದು ಹಾಕಿದೆ. ಎರಡು ದಿನ ಆಹಾರ ಬಂದ್, ದಿನಾ ಕಾಲು ಭಾಗ ನೀರು ಬದಲು. ಏಳರಲ್ಲಿ ಐದು ಗೋಲ್ಡ್‌ಫಿಶ್ ಉಳಿದವು. "ಇಷ್ಟು ಹೊಲಸು ಸ್ಪಂಜು ಹಾಕ್ತೀರೇನ್ರಿ?" ಅಂತ ಅವರು ಮುಖ ಸಿಂಡರಿಸಿದ್ದು ಮಾತ್ರ ಇನ್ನೂ ಕಣ್ಣ ಮುಂದಿದೆ.